ದತ್ತಾತ್ರೇಯ ಟೋಗೋಗೆ ಹೋದ, ಯೊರುಬಾ ಪಂಡಿತರು ಉತ್ತರ ಕನ್ನಡಕ್ಕೆ ಬಂದರು

ನಮ್ಮ ಭದ್ರಾವತಿ ಕಾರ್ಖಾನೆಗೆ ಅದಿರು ಬರ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಅದೇ ಬಾಬಾಬುಡನ್ ಸಾಲಿನಲ್ಲಿ ದತ್ತಪೀಠವೋ ದರ್ಗಾವೋ ಅನ್ನೋ ಜಗಳ ದಶಕಗಳಿಂದ ನಡೀತಿದೆ. ಡಿಸೆಂಬರ್‌ನಲ್ಲಿ ದತ್ತಜಯಂತಿ ಬಂತೆಂದರೆ ಗಿರಿಯ ದಾರಿ ತುಂಬ ಪೊಲೀಸರು.

'ದತ್ತಾತ್ರೇಯ ಯಾರವನು?' ಅಂತ ಪಶ್ಚಿಮ ಆಫ್ರಿಕಾದ ಟೋಗೋದಲ್ಲಿ ಕೇಳಿ ನೋಡಿ. ಅಲ್ಲಿನ ಮಾಮಿ ವಾಟಾ ಭಕ್ತರಿಗೆ ಮೂರು ತಲೆಯ ದತ್ತನ ಕ್ಯಾಲೆಂಡರ್ ಚಿತ್ರ ಅಂದರೆ ಡೆನ್ಸು ಎಂಬ ಜಲದೈವ. ಮಾಮಿ ವಾಟಾಳ ಚಿತ್ರವಂತೂ ಜರ್ಮನಿಯಲ್ಲಿ ಅಚ್ಚಾದ ಹಾವಾಡಿಗಿತ್ತಿಯದ್ದು. 1955ರಲ್ಲಿ ಘಾನಾದ ಕುಮಾಸಿ ವ್ಯಾಪಾರಿಗಳಿಗಾಗಿ ಅದರ 12,000 ಪ್ರತಿ ಮರುಮುದ್ರಿಸಿದ್ದು ಬಾಂಬೆಯ ಶ್ರೀರಾಮ್ ಕ್ಯಾಲೆಂಡರ್ ಕಂಪನಿ!

ಈ ಪ್ರಯಾಣದ ಜಾಡು ಹಿಡಿದವರಲ್ಲಿ ಮುಖ್ಯರು ಯೊರುಬಾ ಕಲೆಯ ವಿದ್ವಾಂಸ ಹೆನ್ರಿ ಜಾನ್ ಡ್ರೂವಲ್. ಅಮೆರಿಕದವರು. 1964ರಲ್ಲಿ ಡಿಗ್ರಿ ಮುಗಿಸಿ ಪೀಸ್ ಕೋರ್ ಸ್ವಯಂಸೇವಕರಾಗಿ ನೈಜೀರಿಯಾಕ್ಕೆ ಹೋದವರು ಯೊರುಬಾ ಶಿಲ್ಪಿಯೊಬ್ಬರ ಕೈಕೆಳಗೆ ಮರ ಕೆತ್ತೋದು ಕಲಿತರು. ಪಿಎಚ್‌ಡಿ ಆಮೇಲೆ. ಗೆಲೆಡೆ ಮುಖವಾಡಗಳ ಬಗ್ಗೆ ಪುಸ್ತಕ ಬಂದದ್ದು 1983ರಲ್ಲಿ. ಇಂಜಿನಿಯರಿಂಗ್ ಮೊದಲ ವರ್ಷ ವರ್ಕ್‌ಶಾಪಲ್ಲಿ ಫೈಲಿಂಗ್ ಮಾಡಿ ಕೈ ಬೊಬ್ಬೆ ಬರಿಸಿಕೊಂಡವರಿಗೆ ಈ ಕ್ರಮ ಅರ್ಥವಾಗುತ್ತೆ. ಡ್ರಾಯಿಂಗ್ ಶೀಟ್ ಹೇಳದ್ದನ್ನ ಕಬ್ಬಿಣವೇ ಹೇಳಿಕೊಡುತ್ತೆ.

ಎರಡು ದಶಕದ ಹಿಂದೆ ಇದೇ ಡ್ರೂವಲ್ ನಮ್ಮ ಪಕ್ಕದ ಉತ್ತರ ಕನ್ನಡಕ್ಕೆ, ಸಿದ್ದಿಗಳ ಊರುಗಳಿಗೆ ಬಂದರು. ಗೋವಾದ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಮಕ್ಕಳು ಇವರಲ್ಲಿದ್ದಾರೆ. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಉಂಟು. ಇಲ್ಲಿನ ಹೆಂಗಸರು ಹಳೇ ಸೀರೆ ತುಂಡುಗಳನ್ನ ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುವಂತೆ ಹೊಲಿಯೋ ಕವಂದಿ, ಅಂದರೆ ನಮ್ಮ ಕೌದಿಯ ಅಕ್ಕ-ತಂಗಿ, ಅವರ ಕಣ್ಣಿಗೆ ಬಿತ್ತು. ಕೆಲವದರಲ್ಲಿ ಶಿಲುಬೆ, ಕೆಲವದರಲ್ಲಿ ಅರ್ಧಚಂದ್ರ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ 'ಫೂಲ' ಇರಲೇಬೇಕು, ಇಲ್ಲದಿದ್ದರೆ ಕವಂದಿ ಬೆತ್ತಲೆ. ಮಹಿಳೆಯರ ಸಹಕಾರಿ ಗುಂಪು ಕಟ್ಟಲು ಅವರು ನೆರವಾದರು, ಕವಂದಿಗಳು ಅಮೆರಿಕದ ಪ್ರದರ್ಶನಾಲಯಗಳ ಗೋಡೆ ಏರಿದವು.

ಇದು ಆಫ್ರಿಕಾದ್ದೋ, ಭಾರತದ್ದೋ? ಸಿದ್ದಿಗಳನ್ನೂ ನಾವು ಹೀಗೇ ಕೇಳ್ತೀವಿ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ ಆಡೋರಿಗೆ ಬಸ್ಸಿನಲ್ಲಿ 'ಯಾವ ದೇಶ?' ಅನ್ನೋ ಪ್ರಶ್ನೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ವಿಧಾನ ಪರಿಷತ್ತಿಗೆ ಶಾಂತಾರಾಮ ಸಿದ್ದಿ ಬಂದದ್ದು 2020ರಲ್ಲಿ. ಕವಂದಿಗೆ ಬಟ್ಟೆ ಎಲ್ಲಿಂದ ಬಂತು ಅನ್ನೋದಕ್ಕಿಂತ ಹೊಲಿದವರು ಅದನ್ನ ಏನು ಮಾಡಿದರು ಅನ್ನೋದು ದೊಡ್ಡ ವಿಷಯ ಅಂತ ನನ್ನ ವಾದ. ಗಿರಿಯ ಮೇಲಿನ ದತ್ತನಿಗೂ, ಬಾಬಾನಿಗೂ ಅದೇ ಅನ್ವಯ.

ಆದರೆ ಡ್ರೂವಲ್ ಹೊರಗಿನವರು. ಯೊರುಬಾಗಳಿಗೆ ತಮ್ಮದೇ ಮೊಯೊ ಒಕೆಡಿಜಿ ಇದ್ದಾರೆ. ಚಿತ್ರಕಾರರೂ ಹೌದು, ವಿದ್ವಾಂಸರೂ ಹೌದು. ಗುಡಿಗೋಡೆಗೆ ಮಣ್ಣಿನ ಬಣ್ಣ ಬಳಿಯೋ ಹೆಂಗಸರಿಂದ ಕಲಿತು, ತಾವೂ ಊರಿನ ಮಣ್ಣಲ್ಲೇ ಚಿತ್ರ ಬರೆದರು (ನಮ್ಮ ಸಾಗರದ ದೀವರ ಹಸೆ ಚಿತ್ತಾರ ನೆನಪಾಗುತ್ತೆ). ಡ್ರೂವಲ್ ಪಾಠ ಮಾಡ್ತಿದ್ದ ವಿಸ್ಕಾನ್ಸಿನ್‌ನಲ್ಲೇ ಪಿಎಚ್‌ಡಿ ಮಾಡಿ, ಟೆಕ್ಸಾಸ್‌ನಲ್ಲಿ ಪ್ರಾಧ್ಯಾಪಕರಾದರು. ಆ ಹೆಂಗಸರ ಬಣ್ಣಗಳು ಅವರ ಮೂಲಕ ಕ್ಲಾಸ್‌ರೂಮಿಗೂ ಹೋದವು.

ಹಳಿಯಾಳದಿಂದ ಧಾರವಾಡದ ಯೂನಿವರ್ಸಿಟಿಗೆ ಬಸ್ಸಲ್ಲಿ ಹೋಗಿಬರಬಹುದು. ಆದರೆ ಸಂಶೋಧನಾ ವಿದ್ಯಾರ್ಥಿಗಳು ಫೆಲೋಶಿಪ್‌ಗಾಗಿ ಧರಣಿ ಕೂರೋದು ಈ ರಾಜ್ಯದಲ್ಲಿ ಹೊಸ ಸುದ್ದಿಯೇನಲ್ಲ. ಸಿದ್ದಿ ಹುಡುಗಿಯೊಬ್ಬಳು ತನ್ನ ಅಜ್ಜಿಯ ಕವಂದಿಯ ಮೇಲೆ ಪಿಎಚ್‌ಡಿ ಮಾಡ್ತೀನಿ ಅಂತ ಬಂದರೆ ಅವಳಿಗೆ ಗೈಡ್ ಯಾರು, ತಿಂಗಳ ಖರ್ಚಿಗೆ ದುಡ್ಡು ಯಾವತ್ತು ಬರುತ್ತೆ? ಮುಂದಿನ ಬಜೆಟ್‌ಗೆ ಮುಂಚೆ ಉನ್ನತ ಶಿಕ್ಷಣ ಸಚಿವರನ್ನ ನೀವೂ ಇದನ್ನ ಕೇಳಿ.