ಕ್ರಿ. ಶ. ೧೮೩೪ : ಒಂದು ವರ್ಷದ ಜಮಾಖರ್ಚು

ಇಂಗ್ಲಂಡಿನ ಚರಿತ್ರೆಯನ್ನು ಶಾಲೆಯಲ್ಲಿ ಕಂಠಪಾಠ ಮಾಡಿದವರಿಗೆ ೧೮೩೪ನೆಯ ಇಸವಿಯೆಂದರೆ ಗುಲಾಮಗಿರಿಯು ಕೊನೆಗಂಡ ವರ್ಷವೆಂದೇ ನೆನಪು. ಆ ಕೀರ್ತಿಯನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಒಂದು ಪುಣ್ಯಕಾರ್ಯದಿಂದಲೇ ಒಂದು ರಾಜ್ಯಭಾರವನ್ನು ಅಳೆಯುವುದು, ಸಾಹುಕಾರನ ವಹಿಯಲ್ಲಿ ಜಮೆಯನ್ನು ಮಾತ್ರ ಓದಿ ಖರ್ಚಿನ ಪುಟವನ್ನು ಮುಚ್ಚಿಟ್ಟಂತಾಗುತ್ತದೆ. ಆ ವಹಿಯನ್ನು ಇಂದು ವಾಚಕರ ಮುಂದೆ ಪೂರ್ತಿಯಾಗಿ ಬಿಚ್ಚಿಡಬಯಸುತ್ತೇವೆ.

ಆ ವರ್ಷದ ಫೆಬ್ರವರಿ ತಿಂಗಳಲ್ಲಿ ಡಾರ್ಸೆಟ್ ಪ್ರಾಂತದ ಟಾಲ್‌ಪಡಲ್ ಎಂಬ ಸಣ್ಣ ಹಳ್ಳಿಯ ಆರು ಮಂದಿ ಕೂಲಿಕಾರರನ್ನು ಸೆರೆಹಿಡಿಯಲಾಯಿತು. ವಾರಕ್ಕೆ ಒಂಬತ್ತು ಶಿಲಿಂಗು ಇದ್ದ ಕೂಲಿಯು ಎಂಟಕ್ಕೂ ಅನಂತರ ಏಳಕ್ಕೂ ಇಳಿದು, ಇನ್ನು ಆರೇ ಎಂಬ ಮಾತು ಬಂದಾಗ, ಜಾರ್ಜ್ ಲವ್‌ಲೆಸ್ ಎಂಬಾತನ ಮುಂದಾಳುತನದಲ್ಲಿ ಅವರು ಸಂಘ ಕಟ್ಟಿಕೊಂಡಿದ್ದರು. ಸಂಘ ಕಟ್ಟುವುದು ಆಗಿನ ಕಾಯಿದೆಯಂತೆ ಅಪರಾಧವಾಗಿರಲಿಲ್ಲ. ಆದುದರಿಂದ ಅಧಿಕಾರಿಗಳು, ನೌಕಾದಳದ ದಂಗೆಯ ಕಾಲಕ್ಕೆಂದು ೧೭೯೭ರಲ್ಲಿ ಮಾಡಿದ್ದ ಕಾಯಿದೆಯೊಂದನ್ನು ಹುಡುಕಿ ತೆಗೆದು, ಸಂಘ ಸೇರುವಾಗ ಗುಪ್ತವಾಗಿ ಆಣೆಯಿಟ್ಟರೆಂಬ ಆರೋಪದ ಮೇಲೆ ಏಳು ವರ್ಷಗಳ ದ್ವೀಪಾಂತರವಾಸವನ್ನು ವಿಧಿಸಿದರು. ನಾವಿಕರಿಗೆಂದು ಹೆಣೆದ ಬಲೆಯಲ್ಲಿ ಉಳುವವರು ಸಿಕ್ಕಿಬಿದ್ದರು. ಇದು ನ್ಯಾಯವೋ, ನ್ಯಾಯದ ವೇಷವೋ, ಕಾಯಿದೆ ಬಲ್ಲ ವಾಚಕರೇ ವಿಚಾರಿಸಲಿ.

ಆಗಸ್ಟ್ ೧ನೆಯ ತಾರೀಖು ಗುಲಾಮಗಿರಿಯ ನಿಷೇಧವು ಜಾರಿಗೆ ಬಂದಿತು. ಸುಮಾರು ಎಂಟು ಲಕ್ಷ ಜನರ ಸಂಕೋಲೆ ಕಳಚಿತೆಂದು ಜಯಭೇರಿ ಮೊಳಗಿತು. ಆದರೆ ಆರು ವರ್ಷ ಮೀರಿದವರು ಉಮೇದುವಾರರೆಂಬ ಹೊಸ ಹೆಸರಿನಲ್ಲಿ ಹಳೆಯ ಯಜಮಾನನಿಗೇ ಇನ್ನೂ ಹಲವು ವರ್ಷ ದುಡಿಯಬೇಕಾಯಿತು. ಸರಕಾರವು ಪರಿಹಾರವೆಂದು ಎರಡು ಕೋಟಿ ಪೌಂಡುಗಳನ್ನು ತೆಗೆದಿಟ್ಟಿತು. ಅದು ಆ ಕಾಲದ ಸರಕಾರದ ವಾರ್ಷಿಕ ವೆಚ್ಚದಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲು. ಯಾರಿಗೆ ಪರಿಹಾರ? ಬೆನ್ನ ಮೇಲೆ ಬಾಸುಂಡೆ ಹೊತ್ತವರಿಗಲ್ಲ, ಚಾವಟಿ ಹಿಡಿದವರಿಗೆ! ಅದಕ್ಕಾಗಿ ಎತ್ತಿದ ಸಾಲದ ಬಾಕಿಯನ್ನು ಇಂಗ್ಲಂಡಿನ ಬೊಕ್ಕಸವು ಪೂರ್ತಿಯಾಗಿ ತೀರಿಸಿದ್ದು ೨೦೧೫ರಲ್ಲಿ. ಬಿಡುಗಡೆ ಹೊಂದಿದವರಿಗಾದರೋ ಒಂದು ಕಾಸೂ ದೊರೆಯಲಿಲ್ಲ. ಮೇಲಾಗಿ, ಈಸ್ಟ್ ಇಂಡಿಯಾ ಕಂಪೆನಿಯ ಸೀಮೆಗೆ ಈ ಕಾಯಿದೆ ತಗಲುವುದಿಲ್ಲವೆಂದು ಅದರಲ್ಲಿಯೇ ಬರೆದಿತ್ತು. ನಮ್ಮ ದೇಶದ ದಾಸ್ಯದ ವಿಷಯದಲ್ಲಿ ಕಾಯಿದೆ ಬರಲು ೧೮೪೩ರ ವರೆಗೆ ಕಾಯಬೇಕಾಯಿತು. ಅಷ್ಟೇ ಅಲ್ಲ, ಕಬ್ಬಿನ ತೋಟಗಳಿಗೆ ಆಳುಗಳನ್ನು ಒದಗಿಸಲು ಅದೇ ವರ್ಷದ ನವೆಂಬರ್ ೨ರಂದು ‘ಅಟ್ಲಾಸ್’ ಎಂಬ ಹಡಗು ಭಾರತದ ೩೬ ಮಂದಿ ಕರಾರಿನ ಕೂಲಿಗಳನ್ನು ಮಾರಿಷಸ್ ದ್ವೀಪದಲ್ಲಿ ಇಳಿಸಿತು.

ಅದೇ ಆಗಸ್ಟ್‌ನಲ್ಲಿ ಪಾರ್ಲಿಮೆಂಟು ತನ್ನ ದೇಶದ ಬಡವರಿಗೂ ಒಂದು ಕಾಯಿದೆ ಮಾಡಿತು. ಮೈಗಟ್ಟಿಯಿದ್ದು ಹಸಿದವನು ಸಹಾಯ ಬೇಡಿದರೆ ದುಡಿಮೆಯ ಮನೆಯೆಂಬ ಸೆರೆಮನೆಯನ್ನು ಹೋಲುವ ಸ್ಥಳವನ್ನು ಸೇರತಕ್ಕದ್ದು. ಅಲ್ಲಿ ಗಂಡ, ಹೆಂಡತಿ, ಮಕ್ಕಳು ಬೇರೆ ಬೇರೆ ಇರತಕ್ಕದ್ದು. ಇದೇ ಅದರ ಸಾರಾಂಶ.

ಇನ್ನು ನಮ್ಮ ನಾಡಿನ ಮಾತು. ಅದೇ ವರ್ಷದ ಏಪ್ರಿಲ್‌ನಲ್ಲಿ ಕಂಪೆನಿಯ ಸೈನ್ಯವು ಕೊಡಗಿಗೆ ನುಗ್ಗಿ ಮಡಿಕೇರಿಯ ಕೋಟೆಯನ್ನು ವಶಪಡಿಸಿಕೊಂಡಿತು. ಎರಡು ಶತಮಾನ ಮೀರಿ ಆಳಿದ ಹಾಲೇರಿ ವಂಶದ ಕೊನೆಯ ಅರಸು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ, ಮೇ ೭ರಂದು ಕೊಡಗನ್ನು ಸೇರಿಸಿಕೊಂಡೆವೆಂದು ಜಾಹೀರು ಮಾಡಿದರು. ಪ್ರಜೆಗಳೆಲ್ಲರ ಒಮ್ಮತದ ಇಷ್ಟದಂತೆ ಹೀಗೆ ಮಾಡಿದೆವೆಂದು ಆ ಜಾಹೀರುನಾಮೆಯಲ್ಲಿ ಹೇಳಿತ್ತು. ಅರಸನ ಕ್ರೌರ್ಯವನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಒಮ್ಮತವೇ ನಿಜವಾಗಿದ್ದರೆ, ಮೂರೇ ವರ್ಷಗಳಲ್ಲಿ, ೧೮೩೭ರಲ್ಲಿ, ಅಮರಸುಳ್ಯದ ರೈತರು ಆಯುಧ ಹಿಡಿದು ಮಂಗಳೂರಿನ ವರೆಗೆ ಏಕೆ ನಡೆದುಬಂದರು? ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯಲ್ಲಿ ಏಕೆ ಗಲ್ಲಿಗೇರಿಸಬೇಕಾಯಿತು?

ಅಕ್ಟೋಬರ್ ೧೬ರ ರಾತ್ರಿ ಲಂಡನ್ನಿನ ಪಾರ್ಲಿಮೆಂಟು ಭವನವೇ ಸುಟ್ಟುಹೋಯಿತು. ಬೊಕ್ಕಸದ ಹಳೆಯ ಲೆಕ್ಕದ ಕಡ್ಡಿಗಳನ್ನು ಒಲೆಗೆ ತುರುಕಿದ್ದೇ ಆ ಬೆಂಕಿಗೆ ಕಾರಣ. ನವೆಂಬರ್‌ನಲ್ಲಿ ದೊರೆ ನಾಲ್ಕನೆಯ ವಿಲಿಯಂ ತನ್ನ ಮಂತ್ರಿಮಂಡಲವನ್ನೇ ಕಿತ್ತುಹಾಕಿದನು. ಇಂಗ್ಲಂಡಿನಲ್ಲಿ ದೊರೆಯೊಬ್ಬನು ಹಾಗೆ ಮಾಡಿದ್ದು ಅದೇ ಕೊನೆ.

ಈ ಲೆಕ್ಕದಿಂದ ನಾವು ಕಲಿಯತಕ್ಕದ್ದೇನು? ಟಾಲ್‌ಪಡಲ್ಲಿನ ಆರು ಮಂದಿಗೆ ೧೮೩೬ರಲ್ಲಿ ಕ್ಷಮಾದಾನ ದೊರೆಯಿತು. ಏಕೆಂದರೆ ಲಂಡನ್ನಿನ ದುಡಿಯುವ ಜನರು ೧೮೩೪ರ ಏಪ್ರಿಲ್ ೨೧ರಂದು ಸಾವಿರಗಟ್ಟಲೆ ನೆರೆದು ಮೆರವಣಿಗೆ ಹೊರಟರು, ಅರ್ಜಿಯ ಮೇಲೆ ಅರ್ಜಿ ಹಾಕಿದರು. ಉಮೇದುವಾರಿಯ ದಾಸ್ಯವು ಅವಧಿಗೆ ಮೊದಲೇ, ೧೮೩೮ರಲ್ಲಿ, ಮುಗಿಯಿತು; ಏಕೆಂದರೆ ಅದರ ಮೋಸವನ್ನು ಬಯಲಿಗೆಳೆಯುವವರಿದ್ದರು. ಕೊಡಗಿನವರ ಪರವಾಗಿ ಆ ಸಭೆಯಲ್ಲಿ ಮಾತನಾಡುವ ಹಕ್ಕು ಕೊಡಗಿನ ಒಬ್ಬನಿಗೂ ಇರಲಿಲ್ಲ. ದೊಡ್ಡವರ ದಯೆಯಿಂದ ಬಂದ ನ್ಯಾಯವು ಅರೆಬೆಂದ ಅನ್ನ. ಅದು ಪೂರ್ತಿ ಬೇಯಬೇಕಾದರೆ ಪ್ರಜೆಗಳೇ ಒಲೆಯ ಮುಂದೆ ಕೂರಬೇಕು.

ಆಂಗ್ಲರ ಆಳ್ವಿಕೆ ೧೯೪೭ರಲ್ಲಿ ಕೊನೆಗಂಡಿತು. ಆದರೆ ಪಹಣಿಯಲ್ಲಿ ಹೆಸರಿದ್ದವನಿಗೆ ಪರಿಹಾರ, ಅದೇ ಹೊಲದಲ್ಲಿ ದುಡಿದವನಿಗೆ ಬರಿಗೈ ಎಂಬ ದೂರು ನಮ್ಮಲ್ಲಿ ಇಂದಿಗೂ ಕೇಳಿಬರುತ್ತಿದೆ. ‘ಜನರ ಇಷ್ಟದಂತೆ’ ಎಂಬ ಮಾತು ಇಂದಿಗೂ ಸರಕಾರಿ ಕಾಗದಗಳಲ್ಲಿ ಸಲೀಸಾಗಿ ಬರುತ್ತದೆ. ಅಧಿಕಾರದಲ್ಲಿರುವ ನಮ್ಮ ವಾಚಕರಲ್ಲಿ ನಮ್ಮ ಅರಿಕೆ ಇಷ್ಟೇ: ಅಂಥ ಕಾಗದಕ್ಕೆ ರುಜು ಹಾಕುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಜನರನ್ನು ನಿಜವಾಗಿ ಕೇಳಿದವರು ಯಾರು? ಹಣವು ಕೊನೆಗೆ ಯಾರ ಕೈ ಸೇರಿತು? ಇವೆರಡಕ್ಕೆ ನೇರವಾದ ಉತ್ತರವಿಲ್ಲದಿದ್ದರೆ ಲೇಖಣಿಯನ್ನು ಕೆಳಗಿಡುವುದೇ ಧರ್ಮ.