ಬೆರಳು ಕಲಿಸುವ ಪಾಠ

ಸಾಂತಾಕ್ರೂಜ್ ಪೂರ್ವದ ಬಿಲ್ಲವ ಭವನದಂಥ ಕಡೆ ಸಮಾರಂಭಕ್ಕೆ ಹೋದರೆ ಸಾಕು, ಮದುವೆಯಾಗದ ನನ್ನಂಥವರನ್ನು ಹಿರಿಯರು ಊರು, ಜಾತಿ, ಬಳಿ ಎಂದು ವಿಚಾರಿಸುತ್ತಾರೆ. ಡೇಟಿಂಗ್ ಆ್ಯಪ್ ಬಳಿ ಕೇಳುವುದಿಲ್ಲ. ಹಾಗಾಗಿ ಆಯ್ಕೆ ಪೂರ್ತಿ ನಮ್ಮದೇ ಎಂದು ನಂಬಿದ್ದೇವೆ.

ಆದರೆ ಆ್ಯಪ್ ಕೇಳದೆಯೇ ಕಲಿಯುತ್ತದೆ. ಯಾರನ್ನು ಬಲಕ್ಕೆ ಸರಿಸಿದೆವು, ಯಾರನ್ನು ಎಡಕ್ಕೆ ತಳ್ಳಿದೆವು ಎಂಬ ಲೆಕ್ಕ ಹಿಡಿದು ಮುಂದಿನ ಮುಖಗಳನ್ನು ತೋರಿಸುತ್ತದೆ. ಬಳಕೆದಾರರ ಆಕ್ಷೇಪದ ನಂತರ 2020ರಲ್ಲಿ ಮುಂಬಯಿಯ ಶಾದಿ ಡಾಟ್ ಕಾಮ್ ಮೈಬಣ್ಣದ ಫಿಲ್ಟರ್ ತೆಗೆದುಹಾಕಿತು. ಒಳ್ಳೆಯದಾಯಿತು. ಆದರೆ ಕಪ್ಪು ಮುಖ ಕಂಡಾಗಲೆಲ್ಲ ನಮ್ಮ ಬೆರಳು ಎಡಕ್ಕೇ ಹೋದರೆ, ಯಾವ ಆ್ಯಪ್ ಆದರೂ ಅದೇ ಫಿಲ್ಟರನ್ನು ಸದ್ದಿಲ್ಲದೆ ಮತ್ತೆ ಕಟ್ಟಿಕೊಡಬಲ್ಲದು.

ದೂರದ ಮಿತಿಯೂ ಹಾಗೆಯೇ. ಸಾಂತಾಕ್ರೂಜಿನಲ್ಲಿ ಕೂತು 10 ಕಿಲೋಮೀಟರ್ ಎಂದು ಇಟ್ಟರೆ, ನಮ್ಮವರು ಸಾಕಷ್ಟಿರುವ ಡೊಂಬಿವಲಿ ಪಟ್ಟಿಯಿಂದಲೇ ಮಾಯ. ಬೇಡವೆಂದವರು ಯಾರೆಂದು ನಮಗೆ ಗೊತ್ತು. ಕಾಣದೇ ಹೋದವರು ಯಾರೆಂದು ಗೊತ್ತೇ ಆಗುವುದಿಲ್ಲ.

ಹಿರಿಯರೊಂದಿಗೆ ವಾದಿಸಬಹುದು, ಜಾತಿ ನೋಡುವುದಿಲ್ಲ ಎನ್ನಬಹುದು. ಆ್ಯಪಿಗೆ ತಿಳಿಯುವುದು ಬೆರಳಿನ ಮಾತು ಮಾತ್ರ. ಆದ್ದರಿಂದ ಮಿತಿಯನ್ನು ಆಗಾಗ ಹಿಗ್ಗಿಸೋಣ. ಎಡಕ್ಕೆ ತಳ್ಳುವ ಮುನ್ನ ಆ ವ್ಯಕ್ತಿ ಬರೆದುಕೊಂಡ ನಾಲ್ಕು ಸಾಲನ್ನಾದರೂ ಓದೋಣ.