ಆ ಐದು ನಿಮಿಷ ದಾಟಿಸಿರಿ



ಸಿಗರೇಟ್ ಸೇದುವ ಪತಿಯಿರುವ ಮನೆಯಲ್ಲಿ ಒಂದು ಜಗಳ ಎಂದೂ ಮುಗಿಯುವುದಿಲ್ಲ. "ಎಷ್ಟು ಸಲ ಹೇಳಿದೆ, ಬಿಟ್ಟುಬಿಡಿ ಅಂತ" ಎಂದು ಹೆಂಡತಿ. "ನಾಳೆಯಿಂದ ಬಿಡ್ತೇನೆ" ಎಂದು ಗಂಡ. ಆ ನಾಳೆ ಬರುವುದೇ ಇಲ್ಲ. ಕೆಲವರು ನಿಜವಾಗಿಯೂ ಬಿಡುತ್ತಾರೆ. ಮೊದಲ ದಿನ ಉತ್ಸಾಹದಿಂದಿರುತ್ತಾರೆ. ಎರಡನೆಯ ದಿನ ಮಕ್ಕಳ ಮೇಲೆ ರೇಗುತ್ತಾರೆ. ಮೂರನೆಯ ದಿನ ಅಂಗಡಿಗೆ ಹೋಗಿ ಬರುತ್ತೇನೆಂದು ಹೊರಟವರು ಬಾಯಿಗೆ ಏಲಕ್ಕಿ ಹಾಕಿಕೊಂಡು ಮರಳುತ್ತಾರೆ. ವಾಸನೆ ನಿಮಗೆ ತಿಳಿದುಬಿಡುತ್ತದೆ. 'ಇವರಿಗೆ ಹೆಂಡತಿ ಮಕ್ಕಳಿಗಿಂತ ಆ ಸಿಗರೇಟೇ ದೊಡ್ಡದಾಯಿತು' ಎಂದು ಮನಸ್ಸು ನೋಯುತ್ತದೆ.

ನೋವು ಸಹಜ. ಆದರೆ ಆ ತೀರ್ಮಾನಕ್ಕೆ ಬರುವ ಮುನ್ನ ಆ ಮೂರು ದಿನಗಳಲ್ಲಿ ಅವರ ದೇಹದೊಳಗೆ ಏನು ನಡೆಯುತ್ತದೆಂದು ತಿಳಿದುಕೊಳ್ಳಿರಿ. ಅದನ್ನು ತಿಳಿದ ಪತ್ನಿಯ ಸಹಾಯಕ್ಕೆ ಬೆಲೆ ಹೆಚ್ಚು.

ಮೂರನೆಯ ದಿನದ ಕಷ್ಟ

ತಂಬಾಕಿನಲ್ಲಿರುವ ನಿಕೋಟಿನ್ ಹೊಗೆಯ ಮೂಲಕ ಕೆಲವೇ ಸೆಕೆಂಡುಗಳಲ್ಲಿ ಮೆದುಳನ್ನು ತಲುಪುತ್ತದೆ. ಅಲ್ಲಿ ಕ್ಷಣಕಾಲ ಹಿತವೆನಿಸುವ ರಾಸಾಯನಿಕಗಳನ್ನು ಬಿಡುಗಡೆ ಮಾಡಿಸುತ್ತದೆ. ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಆಗ ಮೆದುಳು ಮತ್ತೆ ಬೇಡುತ್ತದೆ. ವರ್ಷಗಟ್ಟಲೆ ಹೀಗೆ ನಡೆದು ನಡೆದು, ಸಿಗರೇಟಿಲ್ಲದೆ ಸಾಮಾನ್ಯವಾಗಿರುವುದೇ ಅವರಿಗೆ ಕಷ್ಟವಾಗುತ್ತದೆ.

ಬಿಟ್ಟ ಕೆಲವೇ ಗಂಟೆಗಳಲ್ಲಿ ಚಡಪಡಿಕೆ ಶುರುವಾಗುತ್ತದೆ. ಸಿಟ್ಟು, ತಲೆಭಾರ, ನಿದ್ರೆ ಕೆಡುವುದು, ಹಸಿವು ಹೆಚ್ಚುವುದು, ಮನಸ್ಸು ಒಂದೆಡೆ ನಿಲ್ಲದಿರುವುದು, ಮಲಬದ್ಧತೆ ಇವೆಲ್ಲ ಅದರ ಜೊತೆಗಾರರು. ಎರಡು-ಮೂರನೆಯ ದಿನಕ್ಕೆ ಇದು ಶಿಖರ ಮುಟ್ಟಿ, ಎರಡರಿಂದ ನಾಲ್ಕು ವಾರಗಳಲ್ಲಿ ಹೆಚ್ಚಿನದು ಇಳಿಯುತ್ತದೆ. ಆದ್ದರಿಂದ ಮೊದಲ ವಾರ ಪತಿ ಸಿಡುಕಿದರೆ ಅದರಲ್ಲಿ ಬಹುಪಾಲು ನಿಕೋಟಿನ್‌ನ ಸಿಡುಕು. ನಿಮ್ಮ ಮೇಲಿನ ಮುನಿಸೆಂದು ಭಾವಿಸಬೇಡಿರಿ. ಹಾಗೆಂದು ಬೈಗುಳವನ್ನೋ ಹೊಡೆತವನ್ನೋ ಸಹಿಸಬೇಕೆಂದು ಇದರ ಅರ್ಥವಲ್ಲ. ಹಳೆಯ ಸಾಲ, ಅತ್ತೆಮನೆಯ ಮಾತು, ಮಗಳ ಮದುವೆಯ ಖರ್ಚು ಇವನ್ನು ಆ ವಾರ ಚರ್ಚೆಗೆ ತರದಿದ್ದರೆ ಸಾಕು.

ಬಯಕೆ ಬಂದಾಗ

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಸಿಗರೇಟಿನ ತೀವ್ರ ಬಯಕೆ ಅಲೆಯಂತೆ ಬರುತ್ತದೆ, ಹೆಚ್ಚಾಗಿ ಐದು ನಿಮಿಷಗಳಲ್ಲಿ ಇಳಿಯುತ್ತದೆ. ಸೇದಿದರೂ ಇಳಿಯುತ್ತದೆ, ಸೇದದಿದ್ದರೂ ಇಳಿಯುತ್ತದೆ. ಜೀವನಪೂರ್ತಿ ಬಿಡುವ ಚಿಂತೆ ಆ ಹೊತ್ತಿಗೆ ಬೇಡ. ಆ ಐದು ನಿಮಿಷ ದಾಟಿದರಾಯಿತು.

ದಾಟಿಸಲು ಮನೆಯಲ್ಲೇ ಸಾಧನಗಳಿವೆ. ಒಂದು ಲೋಟ ನೀರನ್ನು ಗುಟುಕು ಗುಟುಕಾಗಿ ಕುಡಿಯಲಿ. ನಿಧಾನವಾಗಿ ಹತ್ತು ಸಲ ದೀರ್ಘವಾಗಿ ಉಸಿರಾಡಲಿ. ವುಝೂ ಮಾಡಲಿ, ತಣ್ಣೀರು ಮುಖಕ್ಕೆ ತಾಗಿದಾಗ ಮನಸ್ಸು ತಿರುಗುತ್ತದೆ. ಸೇದುವವರಿಗೆ ನಿಕೋಟಿನ್ ಜೊತೆಗೆ ಕೈಯಿಂದ ಬಾಯಿಗೆ ಹೋಗುವ ಆ ಅಭ್ಯಾಸವೂ ಬೇಕಾಗಿರುತ್ತದೆ. ಅದಕ್ಕೆ ಮಿಸ್ವಾಕ್‌ಗಿಂತ ಒಳ್ಳೆಯದೇನಿದೆ? ಸುನ್ನತ್ತೂ ಆಯಿತು, ಬಾಯಿಯೂ ಶುದ್ಧವಾಯಿತು. ಸೌತೆಕಾಯಿ, ಕ್ಯಾರೆಟ್ ಹೆಚ್ಚಿಟ್ಟುಕೊಳ್ಳಿರಿ. ಏಲಕ್ಕಿ, ಲವಂಗ, ಬಡೆಸೋಪು ಕೈಗೆ ಸಿಗುವಂತಿರಲಿ. ಆದರೆ ಸಿಗರೇಟ್ ಬಿಡಿಸುವ ನೆಪದಲ್ಲಿ ಗುಟ್ಕಾ ಅಥವಾ ಹೊಗೆಸೊಪ್ಪು ಹಾಕಿದ ವೀಳ್ಯಕ್ಕೆ ದಾರಿ ಮಾಡಿಕೊಡಬೇಡಿರಿ. ಅವುಗಳಲ್ಲಿಯೂ ಅದೇ ನಿಕೋಟಿನ್, ಜೊತೆಗೆ ಬಾಯಿ ಕ್ಯಾನ್ಸರಿನ ಅಪಾಯ.

ಬಯಕೆ ಯಾವ ಹೊತ್ತಿಗೆ ಬರುತ್ತದೆಂದು ಇಬ್ಬರೂ ಕುಳಿತು ಪಟ್ಟಿ ಮಾಡಿರಿ. ಬೆಳಿಗ್ಗೆ ಎದ್ದೊಡನೆ, ಊಟವಾದ ಮೇಲೆ, ಚಹಾದ ಜೊತೆ, ಗೆಳೆಯರೊಂದಿಗೆ ರಸ್ತೆಬದಿಯಲ್ಲಿ ನಿಂತಾಗ. ಊಟ ಮುಗಿದ ಕೂಡಲೇ "ಬನ್ನಿ, ಸ್ವಲ್ಪ ನಡೆದು ಬರೋಣ" ಎಂದು ಕರೆಯಿರಿ. ಕಾಫಿ ಹೆಚ್ಚು ಕುಡಿಯುವವರಾದರೆ ಅದನ್ನು ಅರ್ಧಕ್ಕಿಳಿಸಿರಿ. ಹೊಗೆ ನಿಂತ ಮೇಲೆ ಕಾಫಿಯಲ್ಲಿನ ಕೆಫೀನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಎಂದಿನಷ್ಟೇ ಕುಡಿದರೆ ಚಡಪಡಿಕೆ, ನಿದ್ರಾಹೀನತೆ ಇನ್ನೂ ಹೆಚ್ಚುತ್ತದೆ.

ರಮಝಾನ್ ಎಂಬ ಅವಕಾಶ

ದಿನಕ್ಕೆ ಒಂದು ಪ್ಯಾಕ್ ಸೇದುವವರೂ ರಮಝಾನಿನಲ್ಲಿ ಸಹರಿಯಿಂದ ಇಫ್ತಾರ್‌ವರೆಗೆ ಹದಿಮೂರು-ಹದಿನಾಲ್ಕು ಗಂಟೆ ಮುಟ್ಟುವುದಿಲ್ಲ. 'ನನ್ನಿಂದಾಗದು' ಎಂಬ ಮಾತಿಗೆ ಅವರೇ ಮೂವತ್ತು ದಿನ ಉತ್ತರ ಕೊಟ್ಟಿರುತ್ತಾರೆ. ದುರಂತವೇನೆಂದರೆ ಖರ್ಜೂರ, ನೀರು ಬಾಯಿಗೆ ಬಿದ್ದೊಡನೆ ಕೈ ಸಿಗರೇಟಿಗೆ ಹೋಗುತ್ತದೆ. ಅಪಾಯದ ಕ್ಷಣ ಇದೇ. ಇಫ್ತಾರ್ ಆದೊಡನೆ ಮಗ್ರಿಬ್‌ಗೆ ಮಕ್ಕಳ ಕೈ ಹಿಡಿದು ಮಸೀದಿಗೆ ಹೊರಡುವಂತೆ ಮಾಡಿರಿ. ಇಶಾ, ತರಾವೀಹ್‌ವರೆಗಿನ ಹೊತ್ತು ತುಂಬಿರಲಿ. ಈದ್‌ನ ಬೆಳಿಗ್ಗೆ ಗೆಳೆಯನೊಬ್ಬ ಚಾಚುವ ಸಿಗರೇಟಿಗೆ ಏನು ಉತ್ತರ ಕೊಡಬೇಕೆಂದು ಮೊದಲೇ ನಿರ್ಧರಿಸಿರಲಿ.

ತಮ್ಮ ಕೈಯಾರೆ ತಮ್ಮನ್ನು ನಾಶಕ್ಕೆ ದೂಡಿಕೊಳ್ಳುವುದನ್ನು ಪವಿತ್ರ ಕುರ್‌ಆನ್ ತಡೆದಿದೆ. ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದವರು ಆ ವಾಸನೆಯೊಂದಿಗೆ ಮಸೀದಿಗೆ ಬರಬಾರದೆಂದು ಪ್ರವಾದಿ(ಸ)ರು ಹೇಳಿರುವರು. ಹಾಗಾದರೆ ಸಿಗರೇಟಿನ ವಾಸನೆಯೊಂದಿಗೆ ಸಫ್‌ನಲ್ಲಿ ನಿಲ್ಲುವುದು ಹೇಗೆ? ಈ ಪ್ರಶ್ನೆಯನ್ನು ಚುಚ್ಚುಮಾತಾಗಿ ಕೇಳಬೇಡಿರಿ. ಪ್ರೀತಿಯಿಂದ, ಒಂದೇ ಒಂದು ಸಲ ಕೇಳಿರಿ.

ಮನೆಯವರಿಗೂ ಪಾಲು

ಹೊಗೆ ಸೇದುವವರ ಎದೆಯಲ್ಲೇ ಉಳಿಯುವುದಿಲ್ಲ. ಮನೆಯೊಳಗಿನ ಹೊಗೆಯಿಂದ ಮಕ್ಕಳಿಗೆ ಕಿವಿಸೋಂಕು, ನ್ಯುಮೋನಿಯಾ, ಉಬ್ಬಸ ಹೆಚ್ಚುತ್ತದೆ. ಗರ್ಭಿಣಿ ಅದನ್ನು ಉಸಿರಾಡಿದರೆ ಮಗುವಿನ ತೂಕ ಕಡಿಮೆಯಾಗಬಹುದು. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 38.7 ಮಂದಿ ತಮ್ಮ ಮನೆಯಲ್ಲೇ ಇತರರ ಹೊಗೆಗೆ ಒಡ್ಡಿಕೊಂಡಿದ್ದರು. ಪತಿ ಬಿಡಲು ಇನ್ನೂ ಸಿದ್ಧರಿಲ್ಲದಿದ್ದರೂ 'ಮನೆಯೊಳಗೆ ಸೇದುವಂತಿಲ್ಲ' ಎಂಬ ನಿಯಮವನ್ನು ಇಂದೇ ತರಬಹುದು. ಅಪ್ಪನ ಸಿಗರೇಟ್ ತರಲು ಮಗನನ್ನು ಅಂಗಡಿಗೆ ಕಳುಹಿಸುವ ಪದ್ಧತಿ ಇಂದೇ ನಿಲ್ಲಲಿ.

ಅದೇ ಸಮೀಕ್ಷೆಯಲ್ಲಿ ಸಿಗರೇಟ್ ಸೇದುವವರು ಶೇ. 4ರಷ್ಟಿದ್ದರೆ ಬೀಡಿ ಸೇದುವವರು ಶೇ. 7.7ರಷ್ಟಿದ್ದರು. ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಬೀಡಿ ಕಟ್ಟಿದ ಹಣದಿಂದಲೇ ಸಹೋದರಿಯರು ಮಕ್ಕಳನ್ನು ಓದಿಸಿದ್ದಾರೆ. ಅವರ ದುಡಿಮೆಯನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಎಲೆಯಲ್ಲಿ ಸುತ್ತಿದ ಬೀಡಿ ಸೌಮ್ಯವೆಂಬ ನಂಬಿಕೆ ತಪ್ಪು. ಅದು ಆರದಂತೆ ಬಲವಾಗಿ, ಪದೇ ಪದೇ ಎಳೆಯಬೇಕಾಗುವುದರಿಂದ ಹಾನಿ ಸಿಗರೇಟಿಗಿಂತ ಕಡಿಮೆಯೇನಲ್ಲ. ಬೀಡಿ ಕಟ್ಟುವವರು ತಂಬಾಕಿನ ಪುಡಿಯನ್ನು ಮಕ್ಕಳಿಂದ ದೂರವಿಟ್ಟು, ಮಗುವನ್ನು ಎತ್ತಿಕೊಳ್ಳುವ ಮುನ್ನ ಕೈ ತೊಳೆಯಿರಿ.

ವೈದ್ಯರ ನೆರವು

ಎದ್ದು ಅರ್ಧ ಗಂಟೆಯೊಳಗೆ ಸೇದಲೇಬೇಕೆನ್ನುವವರಿಗೆ ಸಂಕಲ್ಪದ ಜೊತೆ ಔಷಧಿಯ ನೆರವೂ ಬೇಕಾಗಬಹುದು. ನಿಕೋಟಿನ್ ಗಮ್ ಇದೆ. ಅದನ್ನು ಚ್ಯೂಯಿಂಗ್ ಗಮ್‌ನಂತೆ ಒಂದೇ ಸಮನೆ ಅಗಿಯಬಾರದು. ಖಾರದ ರುಚಿ ಬಂದೊಡನೆ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ರುಚಿ ಇಳಿದ ಮೇಲೆ ಮತ್ತೆ ಅಗಿಯಬೇಕು. ಅದಕ್ಕೆ ಕಾಲು ಗಂಟೆ ಮುಂಚಿನಿಂದ ಚಹಾ, ಕಾಫಿ, ಹಣ್ಣಿನ ರಸ ಬೇಡ. ಉಪವಾಸದ ಹಗಲಲ್ಲಿ ಗಮ್ ಬಳಸುವಂತಿಲ್ಲ. ಹೃದ್ರೋಗವಿರುವವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಲಿ. 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ 2016ರಲ್ಲಿ ಆರಂಭವಾಯಿತು. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಸೇರಿಕೊಂಡಿದ್ದರಿಂದ ಕನ್ನಡದಲ್ಲೇ ಸಲಹೆ ಪಡೆಯಬಹುದು.

ಜಾರಿದರೆ

ಬಿಟ್ಟವರಲ್ಲಿ ಹೆಚ್ಚಿನವರು ಮೊದಲ ಪ್ರಯತ್ನದಲ್ಲೇ ಗೆದ್ದವರಲ್ಲ. ಒಂದು ಸೇದಿದೊಡನೆ ಎಲ್ಲ ಮುಗಿಯಿತೆಂದು ಪ್ಯಾಕ್ ಕೊಳ್ಳುವುದೇ ನಿಜವಾದ ಸೋಲು. ಅಂಗಿಯ ಕಿಸೆ ತಡಕಾಡಬೇಡಿರಿ, ಮಕ್ಕಳ ಮುಂದೆ ಅವಮಾನಿಸಬೇಡಿರಿ. ಹೆದರಿದ ಮನುಷ್ಯ ಸಿಗರೇಟ್ ಬಿಡುವುದಕ್ಕಿಂತ ಮೊದಲು ಅಡಗಿಸಲು ಕಲಿಯುತ್ತಾನೆ. "ಎಲ್ಲಿ, ಯಾರ ಜೊತೆ, ಯಾವ ಹೊತ್ತಲ್ಲಿ ಜಾರಿತು?" ಎಂದು ಕೇಳಿ, ಆ ಹೊತ್ತಿಗೆ ಬೇರೆ ವ್ಯವಸ್ಥೆ ಮಾಡಿರಿ. ತೌಬಾದ ಬಾಗಿಲನ್ನು ಅಲ್ಲಾಹನು ತೆರೆದಿಟ್ಟಿರುವಾಗ ನಾವು ಮುಚ್ಚುವುದೇಕೆ?

ಕೊನೆಯ ಸಿಗರೇಟಿನ ಇಪ್ಪತ್ತು ನಿಮಿಷಗಳಲ್ಲೇ ಹೃದಯ ಬಡಿತ ಇಳಿಯತೊಡಗುತ್ತದೆ. ಒಂದು ವರ್ಷದಲ್ಲಿ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ, ಹೃದ್ರೋಗದ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. ದಿನಕ್ಕೆ ನೂರು ರೂಪಾಯಿ ಸುಡುತ್ತಿದ್ದವರಿಗೆ ವರ್ಷಕ್ಕೆ 36,500 ರೂಪಾಯಿ ಉಳಿಯುತ್ತದೆ. ಮೊದಲ ದಿನದಿಂದಲೇ ಆ ಹಣವನ್ನು ಒಂದು ಡಬ್ಬಿಗೆ ಹಾಕಿಡಿರಿ. ತಿಂಗಳ ಕೊನೆಗೆ ಅವರ ಕೈಯಿಂದಲೇ ಎಣಿಸಿ, ಸ್ವಲ್ಪ ಸದಕಾಕ್ಕೆ, ಉಳಿದದ್ದು ಮಕ್ಕಳಿಗೆ ಎಂದು ತೆಗೆದಿಡಿಸಿರಿ. ತಹಜ್ಜುದ್‌ಗೆ ಎದ್ದಾಗ ಅವರಿಗಾಗಿ ದುಆ ಮಾಡಿರಿ. ಬೆಳಿಗ್ಗೆ ಬಯಕೆ ಬಂದಾಗ ಒಂದು ಲೋಟ ನೀರು ಹಿಡಿದು ಪಕ್ಕದಲ್ಲಿ ಕುಳಿತುಕೊಳ್ಳಿರಿ.